ಸಂಜೆಯ ಸಿಹಿ ಹಂಬಲಕ್ಕೆ ಖರ್ಜೂರದ ಬಾರ್, ಅಂಟಿನ ಉಂಡಿ, ಶೇಂಗಾ-ಪುಟಾಣಿ: ನಾನು ತಿಂದು ನೋಡಿದ್ದು

ಹನ್ನೆರಡು ಖರ್ಜೂರದ ಬಾರ್‌ಗಳಿದ್ದ ಒಂದು ಪೆಟ್ಟಿಗೆಗೆ ಕಳೆದ ಏಪ್ರಿಲ್‌ನಲ್ಲಿ ನಾನು 720 ರೂಪಾಯಿ ಕೊಟ್ಟೆ. ಏಳನ್ನು ತಿಂದೆ, ಉಳಿದ ಐದನ್ನು ಮನೆಗೆ ಬಂದ ಮಕ್ಕಳಿಗೆ ಹಂಚಿದೆ. ಅದೇ ವಾರ ಧಾರವಾಡದ ಸೂಪರ್ ಮಾರ್ಕೆಟ್ಟಿನ ಕಿರಾಣಿ ಅಂಗಡಿಯಿಂದ ಒಂದು ಕಿಲೋ ಪುಟಾಣಿಯನ್ನೂ ಅರ್ಧ ಕಿಲೋ ಶೇಂಗಾ ಕಾಳನ್ನೂ ತಂದಿದ್ದೆ. ಎರಡೂ ಸೇರಿ 200 ರೂಪಾಯಿಯೊಳಗೇ ಮುಗಿದಿತ್ತು. ಈಗ ದಿನವೂ ನನ್ನ ಕೈಚೀಲದಲ್ಲಿರುವುದು ಆ ಶೇಂಗಾ-ಪುಟಾಣಿಯ ಡಬ್ಬಿಯೇ.

ನಮ್ಮ ಮನೆ ಧಾರವಾಡದಲ್ಲಿ, ನನ್ನ ಕಚೇರಿ ಗದಗಿನಲ್ಲಿ. ವಾರಕ್ಕೆ ಮೂರು ದಿನ ಹುಬ್ಬಳ್ಳಿಯ ಮೇಲೆ ಹೋಗಿಬರುತ್ತೇನೆ. ನನ್ನ ತಂದೆಗೆ ಮಧುಮೇಹವಿದ್ದುದರಿಂದ ಮಾರ್ಚ್‌ನಲ್ಲಿ ರಕ್ತ ಪರೀಕ್ಷೆ ಮಾಡಿಸಿದೆ, ಎಚ್‌ಬಿಎ1ಸಿ (ಹಿಂದಿನ ಎರಡು-ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿಯನ್ನು ಶೇಕಡಾದಲ್ಲಿ ತೋರಿಸುವ ಅಂಕಿ) 6.1 ಬಂತು. 5.7ರಿಂದ 6.4ರವರೆಗಿನ ಅಂಕಿ ಬಂದರೆ ಅದನ್ನು ಮಧುಮೇಹದ ಹೊಸ್ತಿಲು ಎನ್ನುತ್ತಾರೆ. ಊಟದಲ್ಲಿ ಜೋಳದ ರೊಟ್ಟಿ, ಕಾಳುಪಲ್ಯ ಮೊದಲಿನಿಂದಲೂ ಇದ್ದುವು. ನನ್ನ ತೊಂದರೆಯಿದ್ದದ್ದು ಸಂಜೆ ನಾಲ್ಕರಿಂದ ಆರರ ನಡುವಿನ ಹೊತ್ತಿನಲ್ಲಿ. ಆ ಹೊತ್ತಿಗೆ ಏನಾದರೂ ಸಿಹಿ ಬೇಕೇಬೇಕು ಎನ್ನಿಸುತ್ತಿತ್ತು, ಗಾಡಿ ಹಿಡಿಯಲು ನಿಂತ ದಿನ ಆ ಹಂಬಲ ಇಮ್ಮಡಿಯಾಗುತ್ತಿತ್ತು. ಆದ್ದರಿಂದ ಏಪ್ರಿಲ್‌ನಿಂದ ಆರು ವಾರ, ಕೆಲಸದ ದಿನಗಳಲ್ಲಿ ಯಾವ ತಿನಿಸು ತಿಂದೆ, ಆ ಮೇಲೆ ರಾತ್ರಿಯ ಊಟದೊಳಗೆ ಮತ್ತೆ ಸಿಹಿ ತಿಂದೆನೋ ಇಲ್ಲವೋ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋದೆ.

ಬಾರ್‌ನಿಂದ ನಾನು ಬಹಳ ನಿರೀಕ್ಷಿಸಿದ್ದೆ. ಹೊದಿಕೆಯ ಮೇಲೆ ‘ಸಕ್ಕರೆ ಸೇರಿಸಿಲ್ಲ’ ಎಂದು ದೊಡ್ಡ ಅಕ್ಷರದಲ್ಲಿತ್ತು, ಅದು ಸುಳ್ಳೂ ಆಗಿರಲಿಲ್ಲ. ಆದರೆ ಹಿಂಬದಿಯ ಕೋಷ್ಟಕದಲ್ಲಿ ‘ಸೇರಿಸಿದ ಸಕ್ಕರೆ 0’ ಎಂಬ ಸಾಲಿನ ಮೇಲೆಯೇ ‘ಒಟ್ಟು ಸಕ್ಕರೆ 100 ಗ್ರಾಂಗೆ 38 ಗ್ರಾಂ’ ಎಂದಿತ್ತು. ಅಂದರೆ 40 ಗ್ರಾಂನ ಒಂದು ಬಾರ್‌ನಲ್ಲಿ ಸುಮಾರು 15 ಗ್ರಾಂ ಸಕ್ಕರೆ. ಒಣ ಖರ್ಜೂರದ ತೂಕದಲ್ಲಿ ಹೆಚ್ಚುಕಡಿಮೆ ಮೂರನೆಯ ಎರಡು ಪಾಲು ಸಕ್ಕರೆಯೇ ಇರುವಾಗ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಕೊಳ್ಳುವ ಮೊದಲು ಆ ಸಾಲನ್ನು ಓದಬೇಕಿತ್ತು. ಖರ್ಜೂರದಲ್ಲಿ ನಾರು ಇದೆ, ಬಿಸ್ಕೀಟಿಗಿಂತ ಅದು ಮೇಲು ಎಂಬುದನ್ನು ನಾನು ಒಪ್ಪುತ್ತೇನೆ. ಆದರೂ ಬಾರ್ ತಿಂದ ಏಳು ದಿನಗಳಲ್ಲಿ ಐದು ದಿನ ಮನೆ ಸೇರುವ ಮೊದಲೇ ಮತ್ತೊಂದು ಸಿಹಿ ತಿಂದಿದ್ದೆ. ನಾಲಿಗೆಗೆ ಒಮ್ಮೆ ಸಿಹಿಯ ರುಚಿ ಹತ್ತಿದ ಮೇಲೆ ನನಗೆ ಅದು ಅಷ್ಟಕ್ಕೇ ನಿಲ್ಲುವುದಿಲ್ಲ. ಏಪ್ರಿಲ್‌ನ ಬಿಸಿಲಿಗೆ ಬಾರ್ ಕಾಗದಕ್ಕೆ ಅಂಟಿಕೊಂಡು ಕೈಯೆಲ್ಲ ಜಿಗುಟಾಗುತ್ತಿತ್ತು.

ಅಂಟಿನ ಉಂಡಿಯ ವಿಷಯ ಸ್ವಲ್ಪ ನಾಜೂಕಿನದು, ಏಕೆಂದರೆ ಅದನ್ನು ಪ್ರೀತಿಯಿಂದ ಕಟ್ಟಿಕೊಡುವವರು ನಮ್ಮ ಅತ್ತೆಯವರು. ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ತುಪ್ಪ, ಬೆಲ್ಲ: ಒಂದೊಂದೂ ಸತ್ವಯುತವಾದ ಪದಾರ್ಥವೇ. ಬೆಲ್ಲವಾದರೆ ತೊಂದರೆಯಿಲ್ಲ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಆದರೆ ಬೆಲ್ಲದ ಬಹುಪಾಲು ಸಕ್ಕರೆಯೇ, ಗ್ರಾಂ ಲೆಕ್ಕದಲ್ಲಿ ಕ್ಯಾಲೊರಿಯೂ ಸಕ್ಕರೆಗೆ ಸಮಸಮವೇ. ಇದಕ್ಕಿಂತ ಮುಖ್ಯವಾದ ಮಾತೆಂದರೆ ಅಂಟಿನ ಉಂಡಿ ಬಾಣಂತಿಯ ತಿನಿಸು. ಹಾಲೂಡಿಸುವ, ಸೊರಗಿದ ದೇಹಕ್ಕೆ ಒಂದೇ ತುತ್ತಿನಲ್ಲಿ ಹೆಚ್ಚು ಶಕ್ತಿ ಸಿಗಲೆಂದೇ ಹಿರಿಯರು ಅದನ್ನು ಹಾಗೆ ಕಟ್ಟಿದ್ದಾರೆ. ದಿನವಿಡೀ ಕುರ್ಚಿಯಲ್ಲಿ ಕುಳಿತಿರುವ ನನಗೆ ಅದು ಸಂಜೆಯ ತಿನಿಸಾಗಲಾರದು. ಅದನ್ನು ತಿಂದ ಏಳು ದಿನಗಳಲ್ಲಿ ಹಂಬಲ ಮರುಕಳಿಸಿದ್ದು ಮೂರೇ ದಿನ. ಹೊಟ್ಟೆ ತುಂಬಿಸುವುದರಲ್ಲಿ ಅದು ಬಾರ್‌ಗಿಂತ ಬಹಳ ಮೇಲು.

ಶೇಂಗಾ-ಪುಟಾಣಿ ತಿಂದ ಹದಿನಾಲ್ಕು ದಿನಗಳಲ್ಲಿ ಮತ್ತೆ ಸಿಹಿ ತಿಂದದ್ದು ಎರಡೇ ದಿನ. ಎರಡು ಪಾಲು ಪುಟಾಣಿಗೆ ಒಂದು ಪಾಲು ಹುರಿದ ಶೇಂಗಾ ನನ್ನ ಅಳತೆ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ, ಪುಟಾಣಿಯಲ್ಲಿ 20 ಗ್ರಾಂಗೆ ಕಡಿಮೆಯಿಲ್ಲ, ಎರಡರಲ್ಲೂ ನಾರಿದೆ. ಪ್ರೋಟೀನ್, ನಾರು, ಎಣ್ಣೆ ಮೂರೂ ಕೂಡಿದ ಆಹಾರ ಜಠರದಿಂದ ನಿಧಾನವಾಗಿ ಇಳಿಯುವುದರಿಂದ ರಕ್ತದ ಸಕ್ಕರೆ ಒಮ್ಮೆಲೇ ಏರಿ ಒಮ್ಮೆಲೇ ಕುಸಿಯುವುದಿಲ್ಲ. ಅಗಿಯಲು ಹೊತ್ತು ಹಿಡಿಯುವುದೂ ನನಗೆ ಒಳ್ಳೆಯದೇ ಆಯಿತು. ಶೇಂಗಾದ ಅರ್ಧದಷ್ಟು ತೂಕ ಎಣ್ಣೆಯೇ ಆದ್ದರಿಂದ ಮಾತ್ರ ಅಳತೆ ತಪ್ಪಬಾರದು. 40 ಗ್ರಾಂ ಹಿಡಿಯುವ ಒಂದು ಸಣ್ಣ ವಾಟಗವನ್ನು ಅದಕ್ಕಾಗಿಯೇ ತೆಗೆದಿರಿಸಿದ್ದೇನೆ; ಡಬ್ಬಿಯಿಂದ ನೇರವಾಗಿ ತಿನ್ನುವುದನ್ನು ಬಿಟ್ಟಿದ್ದೇನೆ.

ನನ್ನನ್ನು ತಿಂಗಳುಗಟ್ಟಲೆ ಕಾಡಿದ ತೊಡಕು ಇದ್ದದ್ದು ಈ ಮೆಚ್ಚಿನ ತಿನಿಸಿನಲ್ಲಿಯೇ. ಧಾರವಾಡ ಮತ್ತು ಗದಗಿನ ಹವೆ ಒಂದೇ ಅಲ್ಲ. ಏಪ್ರಿಲ್‌ನಲ್ಲಿ ಗದಗಿನ ಕಚೇರಿಯ ಖಾನೆಯಲ್ಲಿ ಎರಡು ವಾರ ಇಟ್ಟಿದ್ದ ಶೇಂಗಾಕ್ಕೆ ಕಮಟು ವಾಸನೆ ಬಂತು. ಹುರಿದು ಸಿಪ್ಪೆ ತೆಗೆದ, ಬೇಳೆಯಾಗಿ ಒಡೆದ ಶೇಂಗಾದ ಎಣ್ಣೆಗೆ ಗಾಳಿ ಮತ್ತು ಸೆಕೆ ಎರಡೂ ತಗಲುವುದರಿಂದ ಅದು ಹಸಿ ಕಾಳಿಗಿಂತ ಬಹಳ ಬೇಗ ಕೆಡುತ್ತದೆ. ಸಿಪ್ಪೆಯ ಸಮೇತ ಹುರಿದು ಹಾಗೆಯೇ ಇಡತೊಡಗಿದ ಮೇಲೆ ಕಮಟು ಬರುವುದು ನಿಂತಿತು. ಇಷ್ಟಕ್ಕೆ ಮುಗಿಯಿತು ಎಂದುಕೊಂಡಿರುವಾಗ ಜೂನ್ ಕೊನೆಗೆ ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿಯಿತು.

ಮಳೆಗಾಲದಲ್ಲಿ ಮೂರನೆಯ ದಿನಕ್ಕೇ ಶೇಂಗಾ ಮೆತ್ತಗಾಗುತ್ತಿತ್ತು, ಪುಟಾಣಿಯಂತೂ ಹಲ್ಲಿಗೆ ಅಂಟುತ್ತಿತ್ತು. ಮೆತ್ತಗಾದ ಶೇಂಗಾ ತಿನ್ನಲು ಮನಸ್ಸು ಒಪ್ಪುವುದಿಲ್ಲ. ಮನಸ್ಸು ಒಪ್ಪದ ದಿನ ಹುಬ್ಬಳ್ಳಿ ನಿಲ್ದಾಣದಲ್ಲಿ ಬಿಸ್ಕೀಟಿನ ಪೊಟ್ಟಣ ಕೈಗೆ ಬರುತ್ತದೆ. ಮತ್ತೆ ಸಿಹಿ ತಿಂದೆನೆಂದು ಮೇಲೆ ಹೇಳಿದ ಎರಡು ದಿನಗಳು ಬೇಸಿಗೆಯವು. ಜುಲೈ ಒಂದೇ ತಿಂಗಳಲ್ಲಿ ಇಂಥ ದಿನಗಳು ಆರು. ಪ್ಲಾಸ್ಟಿಕ್ ಡಬ್ಬಿ ಬಿಟ್ಟು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಕೊಂಡೆ, ಗುಣವಾಗಲಿಲ್ಲ. ಡಬ್ಬಿಯ ತಳಕ್ಕೆ ಹುರಿದ ಅಕ್ಕಿಯ ಗಂಟು ಇಟ್ಟೆ, ಒಂದು ದಿನ ಹೆಚ್ಚಿಗೆ ಬಾಳಿತು ಅಷ್ಟೇ. ಅಂಗಡಿಯ ಉಪ್ಪುಶೇಂಗಾ ತಂದು ನೋಡಿದಾಗ ಅದು ಇನ್ನೂ ಬೇಗ ಮೆತ್ತಗಾಯಿತು. ಉಪ್ಪು ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ ಎಂಬುದು ಅಡುಗೆಮನೆಯ ಉಪ್ಪಿನ ಭರಣಿ ಪ್ರತಿ ಮಳೆಗಾಲದಲ್ಲೂ ತೋರಿಸಿಕೊಡುವ ಸಂಗತಿ. ಕಾಳಿನ ಮೈಮೇಲೆ ಅದನ್ನೇ ಸವರಿ ಇಡುವುದು ಸರಿಯಲ್ಲವೆಂದು ನನಗೆ ಆಗ ಹೊಳೆಯಿತು.

ನಿಜವಾದ ಕಾರಣವನ್ನು ಹಿಡಿದವರು ಅತ್ತೆಯವರು. ರಾತ್ರಿ ಹುರಿದು, ಬೆಳಗಿನ ಗಡಿಬಿಡಿ ಬೇಡವೆಂದು ಆಗಲೇ ಡಬ್ಬಿಗೆ ತುಂಬುತ್ತಿದ್ದ ನನ್ನನ್ನು ನೋಡಿ, “ಬಿಸಿ ಇದ್ದಾಗನ ಮುಚ್ಚಳ ಹಾಕಬ್ಯಾಡವಾ, ಒಳಗ ಬೆವರ್ತಾವು” ಎಂದರು. ಮುಚ್ಚಳದ ಒಳಮೈಯನ್ನು ಬೆರಳಿನಿಂದ ಸವರಿದರೆ ನೀರಿನ ಹನಿ. ಅಂದಿನಿಂದ ದಪ್ಪ ತಳದ ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ, ಕಾಳು ಚಟಪಟ ಎನ್ನುವುದು ನಿಲ್ಲುವವರೆಗೆ ಹುರಿದು, ಅಗಲವಾದ ತಾಟಿನಲ್ಲಿ ಹರವಿ, ಪೂರ್ತಿ ಆರಿದ ಮೇಲೆಯೇ ತುಂಬುತ್ತೇನೆ. ಮೂರು ದಿನಕ್ಕೆ ಬೇಕಾಗುವಷ್ಟನ್ನು ಮಾತ್ರ ಹುರಿಯುತ್ತೇನೆ. ಉಪ್ಪು ಮತ್ತು ಬ್ಯಾಡಗಿ ಮೆಣಸಿನಪುಡಿಯನ್ನು ಚಿಕ್ಕ ಪೊಟ್ಟಣದಲ್ಲಿ ಬೇರೆ ಇಟ್ಟುಕೊಂಡು ತಿನ್ನುವಾಗ ಕಲಸಿಕೊಳ್ಳುತ್ತೇನೆ. ಆಗಸ್ಟ್‌ನಲ್ಲಿ ಬಿಸ್ಕೀಟು ಕೊಂಡದ್ದು ಒಂದೇ ದಿನ. ಕಾಳು ಆರಿಸುವಾಗ ಸುಕ್ಕುಗಟ್ಟಿದ, ಬಣ್ಣಗೆಟ್ಟ, ಬೂಷ್ಟು ಹಿಡಿದ ಕಾಳುಗಳನ್ನು ದಯವಿಟ್ಟು ಎಸೆದುಬಿಡಿ. ಶೇಂಗಾದ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಅದು ಯಕೃತ್ತಿಗೆ ಕೇಡು. ಮನೆಯ ಹುರಿತಕ್ಕೆ ಅದು ಪೂರ್ತಿ ನಾಶವಾಗುವುದಿಲ್ಲ.

ಉಳಿದವುಗಳನ್ನು ನಾನು ಒಂದೆರಡು ದಿನ ಮಾತ್ರ ನೋಡಿದೆ. ಚುರುಮುರಿ ಹಗುರ, ಆದರೆ ಬೇಗ ಸಕ್ಕರೆಯಾಗಿ ಬದಲಾಗುವ ಅಕ್ಕಿ. ಒಂದು ಗಂಟೆಯಲ್ಲಿ ಮತ್ತೆ ಹಸಿವು. ಸವಣೂರಿನ ಖಾರ ರುಚಿಯಲ್ಲಿ ಎಲ್ಲವನ್ನೂ ಮೀರಿಸುತ್ತದೆ, ಕರಿದ ತಿನಿಸಾದ್ದರಿಂದ ದಿನಕ್ಕೆ ಸಲ್ಲದು. ಪಂಚಮಿಗೆ ಹುರಿಯುವ ಜೋಳದ ಅಳ್ಳು ಇಡೀ ಕಾಳಿನ ತಿನಿಸು, ಮನೆಯಲ್ಲಿದ್ದಾಗ ಒಳ್ಳೆಯದು. ಮೊಳಕೆ ಬಂದ ಮಡಿಕೆ ಕಾಳಿಗೆ ಉಳ್ಳಾಗಡ್ಡಿ, ಲಿಂಬಿಹುಳಿ ಸೇರಿಸಿದರೆ ಶೇಂಗಾ-ಪುಟಾಣಿಗೆ ಸಮನಾದ ಜೋಡಿ, ಆದರೆ ಸೆಕೆಯಲ್ಲಿ ಅರ್ಧ ದಿನಕ್ಕೇ ಹುಳಿಯುತ್ತದೆ. ಧಾರವಾಡದ ಪೇರಲಕ್ಕೆ ಯಾವ ತಕರಾರೂ ಇಲ್ಲ, ಸಿಗುವಷ್ಟು ದಿನ ತಿನ್ನಿ. ಕೃತಕ ಸಿಹಿಯ ಬಿಸ್ಕೀಟುಗಳನ್ನು ನಾನು ಕೊಳ್ಳಲೇ ಇಲ್ಲ. ತೂಕ ಇಳಿಸುವ ಸಾಧನವಾಗಿ ಇಂಥ ಸಿಹಿಕಾರಕಗಳನ್ನು ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ, ಈಗಾಗಲೇ ಮಧುಮೇಹವಿರುವವರನ್ನು ಬಿಟ್ಟು ಉಳಿದೆಲ್ಲರಿಗೆ, 2023ರ ಮೇ ತಿಂಗಳಲ್ಲಿ ಸಲಹೆ ಕೊಟ್ಟಿದೆ.

ಪ್ರಯಾಣದಲ್ಲಿ ತಿನಿಸಿಗಿಂತ ಚಹಾ ದೊಡ್ಡ ಸಮಸ್ಯೆ. ಗಾಡಿಯಲ್ಲಿ ಸಿಗುವ ಚಹಾಕ್ಕೆ ಸಕ್ಕರೆ ಮೊದಲೇ ಬಿದ್ದಿರುತ್ತದೆ, ಬೇಡವೆನ್ನಲು ಬರುವುದಿಲ್ಲ. ಒಂದು ಚಮಚಕ್ಕೆ ಸುಮಾರು 4 ಗ್ರಾಂ ಹಿಡಿದರೆ ಎರಡೆರಡು ಚಮಚದ ಮೂರು ಚಹಾಕ್ಕೆ 24 ಗ್ರಾಂ. ದಿನಕ್ಕೆ 25 ಗ್ರಾಂ ಆಸುಪಾಸಿನೊಳಗೆ ಉಳಿದರೆ ಹೆಚ್ಚು ಒಳಿತು ಎಂದು ಅದೇ ಸಂಸ್ಥೆ 2015ರಲ್ಲಿ ಹೇಳಿದ ಮಿತಿ ಬರೀ ಚಹಾದಲ್ಲೇ ಮುಗಿದುಹೋಗುತ್ತಿತ್ತು. ಈಗ ಶುಂಠಿ ಹಾಕಿದ, ಸಕ್ಕರೆಯಿಲ್ಲದ ಚಹಾವನ್ನು ಚಿಕ್ಕ ಥರ್ಮಾಸಿನಲ್ಲಿ ಒಯ್ಯುತ್ತೇನೆ. ಮೊದಲ ಹತ್ತು ದಿನ ಕಷ್ಟವಾಯಿತು. ಅಣ್ಣಿಗೇರಿ ದಾಟುವ ಹೊತ್ತಿಗೆ ವಾಟಗ ಖಾಲಿಯಾಗಿರುತ್ತದೆ; ಮೇಲೊಂದು ಚಿಟಿಕೆ ಬಡೆಸೋಪು ಬಾಯಿಗೆ ಹಾಕಿಕೊಂಡರೆ ಅದರ ಸಹಜವಾದ ಸಣ್ಣ ಸಿಹಿಯೇ ಸಾಕೆನಿಸುತ್ತದೆ.

ನನ್ನ ಲೆಕ್ಕದಲ್ಲಿ ಒಂದು ಬಾರ್‌ಗೆ 60 ರೂಪಾಯಿ, ಒಂದು ವಾಟಗ ಶೇಂಗಾ-ಪುಟಾಣಿಗೆ 5ರಿಂದ 6 ರೂಪಾಯಿ. ಮೂರು ದಿನಕ್ಕೊಮ್ಮೆ ಒಲೆಯ ಮುಂದೆ ನಿಲ್ಲಲು ಇಪ್ಪತ್ತು ನಿಮಿಷ ಸಿಗದವರಿಗೆ, ಶೇಂಗಾ ಒಗ್ಗದವರಿಗೆ ನನ್ನ ಆಯ್ಕೆ ಹೊಂದುವುದಿಲ್ಲ. ಶೇಂಗಾ ಬಿಟ್ಟು ಪುಟಾಣಿಯೊಂದನ್ನೇ ಇಟ್ಟುಕೊಂಡರೂ ಅಂಥವರಿಗೆ ಅದು ಬಾರ್‌ಗಿಂತ ಮೇಲು ಎಂದೇ ಹೇಳುತ್ತೇನೆ. ಆಗಸ್ಟ್ ಕೊನೆಯಲ್ಲಿ ಮಾಡಿಸಿದ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ 5.8ಕ್ಕೆ ಇಳಿದಿತ್ತು. ಚಹಾದ ಸಕ್ಕರೆ ಬಿಟ್ಟದ್ದೂ ಇದೇ ಅವಧಿಯಲ್ಲಿ ಆದ್ದರಿಂದ ಆ ಶ್ರೇಯಸ್ಸನ್ನೆಲ್ಲ ಶೇಂಗಾಕ್ಕೆ ಕೊಡಲಾರೆ.

ಧಾರವಾಡದಲ್ಲಿದ್ದು ಪೇಡೆಯನ್ನು ಪೂರ್ತಿ ಬಿಡುವ ಯೋಚನೆ ನನಗಿಲ್ಲ. ಖಾಲಿ ಹೊಟ್ಟೆಯ ಸಿಹಿಗಿಂತ ಊಟದ ಕೊನೆಯ ಸಿಹಿ ನಿಧಾನವಾಗಿ ರಕ್ತಕ್ಕೆ ಸೇರುವುದರಿಂದ, ರವಿವಾರ ಮಧ್ಯಾಹ್ನ ರೊಟ್ಟಿ, ಕಾಳುಪಲ್ಯ ಉಂಡ ಮೇಲೆ ಒಂದು ಪೇಡೆ ತಿನ್ನುತ್ತೇನೆ. ಪೇಡೆಯ ಪೆಟ್ಟಿಗೆ ಅತ್ತೆಯವರ ಕಪಾಟಿನಲ್ಲಿರುತ್ತದೆ, ರವಿವಾರ ಅವರೇ ತೆಗೆದು ಕೊಡುತ್ತಾರೆ.