ವಿದ್ಯಾರ್ಥಿ ಭವನ: ದೋಸೆಗೆ 5, ದೇಣಿಗೆ ಕೇಳೋಕೆ 3

ಬೆಂಗಳೂರು ಗಾಂಧಿ ಬಜಾರಿನ ಈ ಹಳೆಯ ಹೋಟೆಲಿನ ದೋಸೆ ಬಗ್ಗೆ ಊರೆಲ್ಲ ಬರೆದಾಗಿದೆ. ನಾನು ಬೇರೆ ಲೆಕ್ಕದಲ್ಲಿ ಬರೆಯುತ್ತೇನೆ. ಪುಟ್ಟದೊಂದು ಕನ್ನಡ ಪ್ರಕಾಶನ ಟ್ರಸ್ಟಿಗೆ ದೊಡ್ಡ ದೇಣಿಗೆ ತರುವುದು ನನ್ನ ಕೆಲಸ. ದೊಡ್ಡದು ಅಂದರೆ ನಮ್ಮ ಮಟ್ಟಿಗೆ 1 ಲಕ್ಷದ ಮೇಲೆ. ನಮ್ಮ ಆಫೀಸಿನಲ್ಲಿ ಎರಡೇ ಕೋಣೆ, ಅದರಲ್ಲಿ ಒಂದರ ತುಂಬ ಖರ್ಚಾಗದ ಪುಸ್ತಕದ ಕಟ್ಟುಗಳು. ಅಲ್ಲಿಗೆ ದಾನಿಗಳನ್ನು ಕರೆದರೆ ಕನಿಕರಕ್ಕೆ ಏನಾದರೂ ಕೊಟ್ಟಾರು, ಆದರೆ ಅದು 500 ರೂಪಾಯಿಯ ಕನಿಕರ. ಹಾಗಾಗಿ ಹೋಟೆಲ್ ಹುಡುಕುವುದೂ ಕೆಲಸದ ಭಾಗವೇ ಆಗಿಬಿಟ್ಟಿದೆ.

ಮೊದಲು ಎಂ.ಜಿ. ರಸ್ತೆ ಕಡೆ ಒಂದು ಸ್ಟಾರ್ ಹೋಟೆಲಿಗೆ ಕರೆದುಕೊಂಡು ಹೋಗುತ್ತಿದ್ದೆ, ಹೆಸರು ಬೇಡ. ಎರಡು ಕಾಫಿ, ಒಂದು ಪ್ಲೇಟ್ ಬಿಸ್ಕತ್ತು, ಬಿಲ್ಲು ಸಾವಿರದ ಹತ್ತಿರ. ಆ ಬಿಲ್ಲನ್ನು ತಂದು ಇಬ್ಬರ ನಡುವೆ ಇಟ್ಟಾಗ ಎದುರಿನವರ ಮುಖ ನೋಡಬೇಕಿತ್ತು. ‘ಪುಸ್ತಕ ಹಾಕೋಕೆ ದುಡ್ಡಿಲ್ಲ, ಕಾಫಿಗಿದೆ’ ಅಂತ ಅವರು ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ. ಆಮೇಲೆ ಅವರು ಫೋನೂ ಎತ್ತಲಿಲ್ಲ.

ಹೋದ ವರ್ಷ ಒಬ್ಬ ನಿವೃತ್ತ ಎಂಜಿನಿಯರ್, ಎಪ್ಪತ್ತು ದಾಟಿದವರು, ತಾವೇ ‘ಗಾಂಧಿ ಬಜಾರಿಗೆ ಬನ್ನಿ, ದೋಸೆ ತಿನ್ನುತ್ತಾ ಮಾತಾಡೋಣ’ ಅಂದರು. ಬೆಳಿಗ್ಗೆ ಹೋದೆವು, ಬಾಗಿಲ ಹತ್ತಿರ ಹೆಸರು ಬರೆಸಿ ನಿಂತೆವು. ಅರ್ಧ ಗಂಟೆ ಕಾಯಬೇಕಾಯಿತು. ನಿಜ ಹೇಳಬೇಕೆಂದರೆ ಆ ಅರ್ಧ ಗಂಟೆಯಷ್ಟು ಕೆಲಸ ಸ್ಟಾರ್ ಹೋಟೆಲಿನ ಯಾವ ಸೋಫಾದಲ್ಲೂ ಆಗಿರಲಿಲ್ಲ, ಯಾಕೆಂದರೆ ಫುಟ್‌ಪಾತಿನಲ್ಲಿ ನಿಂತವರು ದುಡ್ಡಿನ ಮಾತು ಆಡುವುದಿಲ್ಲ, ತಮ್ಮ ಕಥೆ ಹೇಳುತ್ತಾರೆ, ಎಲ್ಲಿ ಓದಿದ್ದು, ಮೊದಲ ಸಂಬಳದಲ್ಲಿ ಏನು ಕೊಂಡಿದ್ದು, ಅಪ್ಪ ಯಾವ ಪುಸ್ತಕ ಓದುತ್ತಿದ್ದರು ಅಂತೆಲ್ಲ.

ಒಳಗೆ ಗೊತ್ತಲ್ಲ, ಪಂಚೆ ಉಟ್ಟವರು ಒಂದೇ ಕೈಮೇಲೆ ತಟ್ಟೆಗಳ ಗೋಪುರ ಹೊತ್ತು ಬರುತ್ತಾರೆ. ದೋಸೆ ಚಿಕ್ಕದು, ದಪ್ಪ, ಹೊರಗೆ ಗರಿಗರಿ, ತುಪ್ಪದ ವಾಸನೆ. ಜೊತೆಗೆ ನೀರು ಚಟ್ನಿ, ಸಾಂಬಾರ್ ಇಲ್ಲ. 1943ರಿಂದ ನಡೆಯುತ್ತಿರುವ ಜಾಗ, ಅದರ ಸೊಕ್ಕು ಮಾತ್ರ ಇಲ್ಲ.

ತಪ್ಪು ಮಾಡಿದ್ದು ನಾನು. ಎರಡನೇ ತುತ್ತಿಗೇ ಫೈಲ್ ತೆಗೆದೆ. ‘ನಮಗೆ 80ಜಿ, ಅಂದ್ರೆ ದಾನಿಗೆ ಆದಾಯ ತೆರಿಗೆ ವಿನಾಯಿತಿ ಸಿಗೋ ಮಾನ್ಯತೆ, ಇದೆ ಸಾರ್, ಕೊಟ್ಟದ್ದರಲ್ಲಿ ಅರ್ಧ ನಿಮ್ಮ ಆದಾಯದಲ್ಲಿ ಕಳೆಯಬಹುದು, ಚೆಕ್ಕೋ ಆನ್‌ಲೈನೋ ಮಾಡಿ, ನಗದು 2,000 ದಾಟಿದರೆ ವಿನಾಯಿತಿ ಸಿಗೋಲ್ಲ’ ಅಂತ ಒಂದೇ ಉಸಿರಲ್ಲಿ ಒದರಿದೆ. ಪಕ್ಕದಲ್ಲಿ ಗುರುತಿಲ್ಲದ ಇಬ್ಬರು ಹುಡುಗರು ಕೂತಿದ್ದರು, ಅವರೂ ಕೇಳಿಸಿಕೊಂಡರು. ಎಂಜಿನಿಯರ್ ನಿಧಾನಕ್ಕೆ ಚಟ್ನಿ ಅದ್ದಿಕೊಂಡು ‘ನಾನು ಹೊಸ ತೆರಿಗೆ ಪದ್ಧತಿಯಲ್ಲಿದ್ದೀನಪ್ಪ’ ಅಂದರು. ಮುಗಿಯಿತು ಕಥೆ. ಹೊಸ ಪದ್ಧತಿಯಲ್ಲಿ 80ಜಿ ವಿನಾಯಿತಿ ಇಲ್ಲ, 2023-24ರಿಂದ ನಾವಾಗಿ ಬೇಡ ಅನ್ನದಿದ್ದರೆ ಅದೇ ಲಾಗೂ ಆಗುತ್ತದೆ. ಇಷ್ಟು ದಿನ ತೆರಿಗೆ ಲಾಭ ತೋರಿಸಿಯೇ ದೇಣಿಗೆ ಕೇಳುತ್ತಿದ್ದ ನನಗೆ ಹೇಳಲು ಮಾತೇ ಉಳಿಯಲಿಲ್ಲ. ಕಾಫಿ ಬಂತು.

ಆಗ ಅವರೇ ಗೋಡೆ ನೋಡಿದರು. ಇಲ್ಲಿ ಗೋಡೆ ಮೇಲೆ ಕನ್ನಡದ ಸಾಹಿತಿಗಳ ರೇಖಾಚಿತ್ರ ಇವೆಯಲ್ಲ, ಅದರಲ್ಲಿ ಒಬ್ಬರತ್ತ ಕೈ ತೋರಿಸಿ ‘ಇವರ ಪ್ರಬಂಧಗಳು ಈಗ ಸಿಗುತ್ತವಾ?’ ಅಂದರು. ಇಲ್ಲ ಸಾರ್, ಪ್ರತಿಗಳು ಮುಗಿದು ಬಹಳ ವರ್ಷ ಆಯಿತು ಅಂದೆ. ‘ಯಾಕೆ ನೀವು ಹಾಕಿಲ್ಲ?’ ಅದಕ್ಕೆ ಉತ್ತರ ನನ್ನ ಹತ್ತಿರ ಇತ್ತು, ಆದರೆ ಹೊರಗೆ ಜನ ಕಾಯುತ್ತಿದ್ದರು, ಕಾಫಿ ಮುಗಿದ ಮೇಲೂ ಟೇಬಲ್ ಹಿಡಿದು ಕೂರುವುದು ಮರ್ಯಾದೆ ಅಲ್ಲ. ಎದ್ದೆವು.

ಅಲ್ಲಿಂದ ಕಹಳೆ ಬಂಡೆ ಪಾರ್ಕಿಗೆ ನಡೆದೇ ಹೋಗಬಹುದು. ಬೆಂಚಿನ ಮೇಲೆ ಕೂತು ಎಲ್ಲ ಬಿಡಿಸಿ ಹೇಳಿದೆ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ, ಹಾಗಾಗಿ ಮನೆಯವರ ಒಪ್ಪಿಗೆ ಬೇಕು. ಹಳೆಯ ಅಚ್ಚನ್ನು ಮತ್ತೆ ಟೈಪ್ ಮಾಡಿಸಬೇಕು, ಕರಡು ಎರಡು ಸಲವಾದರೂ ತಿದ್ದಿಸಬೇಕು, ಆಮೇಲೆ ಕಾಗದ, ಮುದ್ರಣ, ಬೈಂಡಿಂಗು. ಎಷ್ಟಾಗುತ್ತದೆ ಅಂದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದರು. ಹಳೆಯ ನಾನಾಗಿದ್ದರೆ ಆ ಮೌನಕ್ಕೆ ಹೆದರಿ ‘ಅರ್ಧ ಕೊಟ್ಟರೂ ಸಾಕು ಸಾರ್’ ಅಂದುಬಿಡುತ್ತಿದ್ದೆ. ಅವತ್ತು ಬಾಯಿ ಮುಚ್ಚಿಕೊಂಡಿದ್ದೆ. ಮರುವಾರ ಪೂರ್ತಿ ದುಡ್ಡು ಬಂತು, ಜೊತೆಗೆ ಒಂದೇ ಷರತ್ತು: ತಮ್ಮ ಹೆಸರು ಎಲ್ಲೂ ಹಾಕಬಾರದು. ವಿನಾಯಿತಿ ಬೇಡದಿದ್ದರೂ 10ಬಿಇ ಅನ್ನೋ ದೇಣಿಗೆ ಸರ್ಟಿಫಿಕೇಟ್ ಕಳಿಸಿದೆ, ಲೆಕ್ಕ ಲೆಕ್ಕವೇ ಅಲ್ವಾ.

ಆಮೇಲೆ ಇನ್ನೂ ಮೂವರನ್ನು ಇಲ್ಲಿಗೇ ಕರೆತಂದೆ, ಒಬ್ಬರು ಕೊಟ್ಟರು. ದೇಣಿಗೆಗೆ 3 ಅಂದದ್ದು ಹೋಟೆಲಿನ ಕೊರತೆ ಅಲ್ಲ, ಅವರು ಅಂಗಡಿ ತೆರೆದಿರುವುದು ದೋಸೆಗೆ, ನನ್ನ ಫೈಲಿಗಲ್ಲ. ಇಲ್ಲಿ ಬರೀ ತಿನ್ನಿ, ಗೋಡೆ ನೋಡಿ. ಬಿಲ್ಲು ನೀವೇ ಕೊಡಿ, ಇಬ್ಬರಿಗೆ 500 ದಾಟುವುದಿಲ್ಲ, ಯಾವ ದಾನಿಯೂ ಹುಬ್ಬು ಏರಿಸುವುದಿಲ್ಲ. ಮೊತ್ತದ ಮಾತು ಪಾರ್ಕಿಗೆ ಇಟ್ಟುಕೊಳ್ಳಿ.

ಶನಿವಾರ, ಭಾನುವಾರ ದಾನಿಗಳ ಜೊತೆ ಹೋಗಲೇಬೇಡಿ, ರಶ್ ಜಾಸ್ತಿ. ಶುಕ್ರವಾರ ರಜೆ. ಇದನ್ನು ಮರೆತು ನಮ್ಮ ಟ್ರಸ್ಟಿಯೊಬ್ಬರನ್ನು ಆಟೋದಲ್ಲಿ ಕರೆದುಕೊಂಡು ಹೋಗಿ, ಮುಚ್ಚಿದ ಬಾಗಿಲ ಮುಂದೆ ಇಳಿಸಿದ್ದೂ ಆಗಿದೆ.