ಡೈರಿ ನೀರಿಗೆ ಯುಎಎಸ್‌ಬಿನಾ, ಮೆಂಬ್ರೇನಾ? ಎಂಟು ತಿಂಗಳು ಎರಡನ್ನೂ ಓಡಿಸಿ ನೋಡಿದ್ದು

ಕೋಲಾರ ಜಿಲ್ಲೆಯ ಮಾಲೂರಿನ ಹತ್ತಿರ ಒಂದು ಸಣ್ಣ ಡೈರಿಯಲ್ಲಿ ಇಟಿಪಿ, ಅಂದರೆ ಕೊಳೆನೀರು ಶುದ್ಧ ಮಾಡುವ ಘಟಕ, ನೋಡಿಕೊಳ್ಳುವುದು ನನ್ನ ಕೆಲಸ. ಪನೀರ್, ತುಪ್ಪ, ಮೊಸರು ಮಾಡುತ್ತಾರೆ. ಕ್ಯಾನು, ಟ್ಯಾಂಕು, ನೆಲ ತೊಳೆದ ನೀರೆಲ್ಲ ನಮ್ಮ ಕಡೆಗೇ ಬರುತ್ತದೆ. ಇಷ್ಟು ದಿನ ಬ್ಲೋವರ್‌ನಿಂದ ಗಾಳಿ ಊದುತ್ತಿದ್ದೆವು. ಕರೆಂಟ್ ಬಿಲ್ ಜಾಸ್ತಿ, ಸ್ಲಡ್ಜ್ (ಸೂಕ್ಷ್ಮಜೀವಿ ತುಂಬಿದ ಕೆಸರು) ಎತ್ತಿದಷ್ಟೂ ಮುಗಿಯುವುದಿಲ್ಲ. ಅದಕ್ಕೇ ಗಾಳಿ ಬೇಡದ ಎರಡು ಪದ್ಧತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆವು: ಸ್ಲಡ್ಜಿನ ಹಾಸಿನ ಮೂಲಕ ನೀರು ಮೇಲೇರುವ ಯುಎಎಸ್‌ಬಿ ಒಂದು, ನೀರನ್ನು ಸೋಸಿ ತೆಗೆಯುವ ಮೆಂಬ್ರೇನ್ ಇನ್ನೊಂದು. ಟ್ಯಾಂಕ್ ಒಂದೊಂದೂ ಸಾವಿರ ಲೀಟರಿನದು. ನೀರು ಒಂದೇ, ಹಾಕಿದ ಸ್ಲಡ್ಜೂ ಒಂದೇ.

ಎರಡರಲ್ಲೂ ಕೆಲಸ ಮಾಡುವುದು ಗೋಬರ್ ಗ್ಯಾಸಿನ ಗುಂಡಿಯಲ್ಲಿರುವಂಥ ಸೂಕ್ಷ್ಮಜೀವಿಗಳೇ. ಇವು ಬೆಳೆಯುವುದು ಬಲು ನಿಧಾನ. ಹೊರಹೋಗುವ ನೀರಿನ ಜೊತೆ ಕೊಚ್ಚಿ ಹೋಗದಂತೆ ಅವನ್ನು ಹಿಡಿದಿಡುವುದೇ ಕಷ್ಟ. ಎರಡೂ ಪದ್ಧತಿ ಬೇರೆಯಾಗುವುದು ಅಲ್ಲೇ.

ಯುಎಎಸ್‌ಬಿ 1970ರ ದಶಕದಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಲೆಟಿಂಗಾ ಅವರ ತಂಡ ರೂಪಿಸಿದ್ದು. ನೀರು ಕೆಳಗಿನಿಂದ ನಿಧಾನವಾಗಿ ಮೇಲೇರುತ್ತದೆ. ಸ್ಲಡ್ಜ್ ರಾಗಿ ಕಾಳಿನಂಥ ಕಪ್ಪು ಉಂಡೆಗಳಾಗಿ ತನ್ನ ತೂಕಕ್ಕೆ ತಾನೇ ಕೆಳಗೆ ಕೂರುತ್ತದೆ. ಒಳಗೆ ಯಂತ್ರವೇ ಇಲ್ಲ. ಮೊದಲ ಎರಡು ತಿಂಗಳು ನನಗೆ ಇದೇ ಬಹಳ ಹಿಡಿಸಿತ್ತು.

ಆಮೇಲೆ ಒಂದು ದಿನ ತುಪ್ಪದ ವಿಭಾಗ ತೊಳೆದ ನೀರು ಒಟ್ಟಿಗೆ ನುಗ್ಗಿತು. ಮಾರನೇ ಬೆಳಿಗ್ಗೆ ನಮ್ಮ ಹುಡುಗ "ಅಣ್ಣಾ, ಕಪ್ಪು ನೀರು ಬರ್ತಾ ಇದೆ" ಎಂದು ಓಡಿ ಬಂದ. ಬಾಟಲಿಯಲ್ಲಿ ಹಿಡಿದು ನೋಡಿದೆ. ಉಂಡೆಗಳ ಮೈಗೆ ಬಿಳಿ ಜಿಡ್ಡು ಮೆತ್ತಿತ್ತು, ಕೂರಬೇಕಾದವು ತೇಲುತ್ತಿದ್ದವು. ತಿಂಗಳುಗಟ್ಟಲೆ ಸಾಕಿದ ಸ್ಲಡ್ಜ್ ಮೋರಿ ಪಾಲಾಗುವುದನ್ನು ನೋಡಿ ಹೊಟ್ಟೆ ಉರಿಯಿತು. ಸುಧಾರಿಸಲು ಮೂರು ವಾರ ಬೇಕಾಯಿತು.

ಅದೇ ದಿನ ಮೆಂಬ್ರೇನ್ ಟ್ಯಾಂಕಿನಿಂದ ತಿಳಿನೀರೇ ಬರುತ್ತಿತ್ತು. ಮೆಂಬ್ರೇನ್ ಎಂದರೆ ಶಾವಿಗೆಯಂಥ ಟೊಳ್ಳು ಎಳೆಗಳ ಕಟ್ಟು. ಅದರ ರಂಧ್ರ ಒಂದು ಮೈಕ್ರಾನಿನ ಹತ್ತನೇ ಒಂದು ಪಾಲಿಗಿಂತ ಸಣ್ಣದು, ಸೂಕ್ಷ್ಮಜೀವಿ ದಾಟಲಾರದು. ಸ್ಲಡ್ಜ್ ತೇಲಲಿ, ಮುಳುಗಲಿ, ಒಳಗೇ ಇರುತ್ತದೆ. ಡಿಸೆಂಬರ್ ಚಳಿಯಲ್ಲಿ ಯುಎಎಸ್‌ಬಿ ಮಂಕಾದಾಗಲೂ ಇದು ಅಷ್ಟು ಕುಗ್ಗಲಿಲ್ಲ.

ಆದರೆ ಇದಕ್ಕೆ ಚಾಕರಿ ಬಹಳ. ಎಳೆಗಳಿಗೆ ಮೆತ್ತುವ ಕೊಳೆ ಕೆದರಲು ಬಯೋಗ್ಯಾಸನ್ನೇ ಕೆಳಗಿನಿಂದ ಊದುತ್ತಿರಬೇಕು, ಅದಕ್ಕೆ ಕರೆಂಟ್ ಬೇಕು. ಆದರೂ ಎಳೆಗಳ ಮೂಲಕ ನೀರು ಹೀರುವ ಒತ್ತಡ ದಿನದಿನವೂ ಏರುತ್ತದೆ. ಒಮ್ಮೆ ಕಟ್ಟನ್ನು ಹೊರಗೆ ತೆಗೆದು ಬೆರಳಲ್ಲಿ ಉಜ್ಜಿದೆ. ಮೇಲೆ ಜಿಡ್ಡು, ಅದರಡಿ ಹಾಲು ಕಾಯಿಸಿದ ಪಾತ್ರೆಯ ತಳದಂತೆ ಬಿಳಿ ಪದರ. ಜಿಡ್ಡು ಹೈಪೋಗೆ (ಬ್ಲೀಚಿಂಗ್ ದ್ರಾವಣ) ಬಿಟ್ಟಿತು. ಬಿಳಿ ಪದರ ಹಾಲಿನ ಕ್ಯಾಲ್ಸಿಯಂ, ಅದು ಸಿಟ್ರಿಕ್ ಆಸಿಡ್‌ನಲ್ಲಿ ನೆನೆಸಿದ ಮೇಲೇ ಕರಗಿದ್ದು. ಇವೆರಡನ್ನೂ ಯಾವತ್ತೂ ಬೆರೆಸಬೇಡಿ, ವಿಷದ ಕ್ಲೋರಿನ್ ಗ್ಯಾಸ್ ಏಳುತ್ತದೆ. ಒಂದಾದ ಮೇಲೆ ಚೆನ್ನಾಗಿ ನೀರು ಹಾಯಿಸಿಯೇ ಇನ್ನೊಂದು.

ಗ್ಯಾಸಿನಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಒಂದು ಕಿಲೋ ಸಿಒಡಿ (ನೀರಿನಲ್ಲಿರುವ ಕೊಳೆಯ ಅಳತೆ) ಸೂಕ್ಷ್ಮಜೀವಿಗಳು ತಿಂದು ತೀರಿಸಿದರೆ ಹೆಚ್ಚೆಂದರೆ 0.35 ಘನ ಮೀಟರ್ ಮಿಥೇನ್. ಅದರಲ್ಲೂ ಒಂದಷ್ಟು ನೀರಿನಲ್ಲೇ ಕರಗಿ ಹೋಗುತ್ತದೆ.

ಒಂದು ಮಾತು ಒತ್ತಿ ಹೇಳಬೇಕು. ಮೆಂಬ್ರೇನ್ ನೀರು ಕನ್ನಡಿಯಂತೆ ಕಂಡರೂ ಅದರಲ್ಲಿ ಅಮೋನಿಯಾ, ಫಾಸ್ಫೇಟ್‌ನಂಥ ಗೊಬ್ಬರದ ಸಾರಗಳು ಹಾಗೇ ಇರುತ್ತವೆ. ತಿಳಿಯಾಗಿದೆ ಎಂದು ಸುಮ್ನೆ ಕೆರೆಗೆ ಬಿಡುವಂತಿಲ್ಲ. 2018ರಿಂದ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ, ಬತ್ತಿದ ಕೆರೆ ತುಂಬಿದ್ದನ್ನು ಕಣ್ಣಾರೆ ಕಂಡವರು ನಾವು. ಅದಕ್ಕೆ ಇನ್ನಷ್ಟು ಕೊಳೆ ಸೇರಿಸಬಾರದು, ಅಲ್ವಾ? ನಾವು ಈ ನೀರನ್ನು ನೇಪಿಯರ್ ಮೇವಿನ ಹುಲ್ಲಿಗೆ ಅಳತೆಯಲ್ಲಿ ಹಾಯಿಸುತ್ತೇವೆ.

ಜಿಡ್ಡು ಕಡಿಮೆ, ನೀರು ದಿನವೂ ಒಂದೇ ಹದದಲ್ಲಿ ಬರುತ್ತದೆ, ನೋಡಿಕೊಳ್ಳಲು ಜನ ಇಲ್ಲ ಎನ್ನುವ ಕಡೆ ನಾನು ಕಣ್ಣು ಮುಚ್ಚಿ ಯುಎಎಸ್‌ಬಿ ಹಾಕಿ ಎನ್ನುತ್ತೇನೆ. ನಮ್ಮ ತುಪ್ಪದ ನೀರಿಗೆ ಮೆಂಬ್ರೇನೇ ಸರಿ. ಮಾಲೀಕರಿಗೆ ಹಾಗೇ ಬರೆದುಕೊಟ್ಟಿದ್ದೇನೆ. ಜೊತೆಗೆ ಎರಡು ಷರತ್ತು: ನೀರು ಟ್ಯಾಂಕಿಗೆ ಬರುವ ಮೊದಲೇ ಜಿಡ್ಡು ತಡೆಯುವ ದೊಡ್ಡ ತೊಟ್ಟಿ ಕಟ್ಟಿಸಬೇಕು, ಒತ್ತಡದ ಗೇಜ್ ನೋಡಿ ಎಳೆ ತೊಳೆಯಲು ಪ್ರತಿ ಪಾಳಿಗೂ ಒಬ್ಬರು ಇರಬೇಕು. ತೊಟ್ಟಿಗೆ ಹೋದ ವಾರ ಗುಂಡಿ ತೋಡಿದ್ದಾರೆ.