ಡೊಂಬಿವಲಿಯ ಮನೆಯಲ್ಲಿ ‘ತಿಥಿ’

ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ 2015ರಲ್ಲಿ ಪ್ರಶಸ್ತಿ ಪಡೆದ ಕನ್ನಡ ಚಿತ್ರ ‘ತಿಥಿ’ ಎಂದರೆ ಮೌನ, ಮಂದಗತಿ, ಕೊನೆಗೊಂದು ಅಳು ಇರುತ್ತದೆ ಎಂದೇ ಎಣಿಸಿದ್ದೆ. ‘ರವಿವಾರ ತಿಥಿಯ ಹೆಸರೇಕೆ ಎತ್ತುತ್ತೀಯಮ್ಮ’ ಎಂದು ವಿಜಯಪುರದ ನಮ್ಮ ಅತ್ತೆ ಗೊಣಗಿದರು. ಹೊರಗೆ ಮುಂಬೈ ಲೋಕಲ್ ರೈಲುಗಳ ಸದ್ದು. ಕಿಟಕಿ ಮುಚ್ಚಿಯೇ ಕುಳಿತೆವು.

ದಾರಿಹೋಕರನ್ನೆಲ್ಲ ಬೈಯುತ್ತಿದ್ದ ನೂರೊಂದು ವರ್ಷದ ಸೆಂಚುರಿ ಗೌಡ ಕುಸಿದು ಬಿದ್ದು ಸತ್ತಾಗ ಅತ್ತೆ ನಕ್ಕುಬಿಟ್ಟರು. ಅಲ್ಲಿಂದ ಅವರು ಅಡುಗೆಮನೆಯ ಕಡೆ ತಿರುಗಲಿಲ್ಲ. ಆಸ್ತಿಗಾಗಿ ಬದುಕಿರುವ ಅಪ್ಪನನ್ನೇ ಸತ್ತನೆಂದು ತೋರಿಸಲು ಹೊರಟ, ಸೆಂಚುರಿ ಗೌಡನ ಮೊಮ್ಮಗ ತಮ್ಮಣ್ಣನ ಓಡಾಟ ನೋಡಿ, ‘ನಮ್ಮೂರಿನಲ್ಲೂ ಹೀಗೇ ಹೊಲ ಹೋಯಿತು’ ಎಂದು ಹಳೆಯ ಜಗಳವೊಂದನ್ನು ಬಿಚ್ಚಿದರು. ಆ ಅಪ್ಪ ಗಡ್ಡಪ್ಪನೋ, ಯಾವ ಕಾಗದಕ್ಕೂ ಬೆಲೆ ಕೊಡದೆ ಹೊಲದ ಬದುವಿನಲ್ಲಿ ಕುಡಿಯುತ್ತ ನಡೆಯುತ್ತಿರುತ್ತಾನೆ. ಕುರಿಗಾಹಿಗಳ ನಡುವೆ ಕುಳಿತು ಅವನು ತನ್ನ ಕಥೆ ಹೇಳುವಾಗ ನನ್ನ ಗಂಟಲು ಕಟ್ಟಿತು. ವೃತ್ತಿಪರ ನಟರಲ್ಲದ, ಮಂಡ್ಯ ಸೀಮೆಯ ಹಳ್ಳಿಗರೇ ಇಷ್ಟು ಸಹಜವಾಗಿ ಅಭಿನಯಿಸಿದ್ದಾರೆ!

ತಮ್ಮಣ್ಣನ ಮಗ ಅಭಿಯ ಪ್ರೇಮಪ್ರಸಂಗ ಮಾತ್ರ ಸ್ವಲ್ಪ ಎಳೆದಂತಾಯಿತು. ಮಂಡ್ಯದ ಮಾತಿನ ಓಟ ಅತ್ತೆಗೆ ಅಲ್ಲಲ್ಲಿ ತಪ್ಪಿತು. ಎರಡು ಕಡೆ ನಿಲ್ಲಿಸಿ ಹಿಂದಕ್ಕೆ ಹೋದೆವು. ನಾವು ನೋಡಿದ ಪ್ರತಿಯಲ್ಲಿ ರಾತ್ರಿಯ ದೃಶ್ಯಗಳು ತೀರಾ ಕಪ್ಪಾಗಿದ್ದವು, ದೀಪ ಆರಿಸಿಯೇ ನೋಡಿ.

ಮುಂದಿನ ವಾರ ಪುಣೆಯಿಂದ ನಾದಿನಿ ಬರುತ್ತಾಳೆ. ಅವಳಿಗೂ ಇದನ್ನೇ ತೋರಿಸಬೇಕೆಂದು ಅತ್ತೆ ಈಗಲೇ ಹೇಳಿಟ್ಟಿದ್ದಾರೆ.